ಎರಡನೇ ಸಂಪುಟದಲ್ಲಿಲ್ಲದ ಬಾವುಟ

ನಮ್ಮ ಚಿಕ್ಕಪ್ಪನಿಗೆ ಇತಿಹಾಸ ಗೊತ್ತು. ಆದರೆ ಎರಡನೇ ಸಂಪುಟದಿಂದ ಈಚೆಗೆ ಮಾತ್ರ ಗೊತ್ತು.

ಇದಕ್ಕೆ ಕಾರಣ ಅವರ ಕೆಲಸ. ಬಸ್ ನಿಲ್ದಾಣದ ಹಿಂಭಾಗದಲ್ಲಿ, ಹಳೇ ಟೈರುಗಳ ರಾಶಿ ದಾಟಿ ಹೋದರೆ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಒಂದು ಕೋಣೆಯಿದೆ. ಆ ಕೋಣೆಗೆ ಚಿಕ್ಕಪ್ಪನೇ ಮುಖ್ಯಸ್ಥರು, ಚಿಕ್ಕಪ್ಪನೇ ಗುಮಾಸ್ತರು, ಸಂಜೆ ಹೊತ್ತು ಚಿಕ್ಕಪ್ಪನೇ ಕಸ ಗುಡಿಸುವವರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಂದು ಸಲ ಯಾರದೋ ಕಟ್ಟಿಸಿದ ಹಲ್ಲು, ಬಂದದ್ದಕ್ಕೆಲ್ಲ ರಟ್ಟಿನ ಚೀಟಿ ಕಟ್ಟಿ, ಸಿಕ್ಕಿದ ಸ್ಥಳ ಬರೆದು ಕಪಾಟಿನಲ್ಲಿಡಬೇಕು. ಯಾರೂ ಕೇಳಿಕೊಂಡು ಬಾರದೆ ವರ್ಷಗಟ್ಟಲೆ ಕೂತ ಸಾಮಾನು ಕೊನೆಗೆ ಸಿಬ್ಬಂದಿಯ ಪಾಲಾಗುತ್ತದೆ. ಹಾಗೆ ಚಿಕ್ಕಪ್ಪನ ಪಾಲಿಗೆ ಬಂದದ್ದು ಅಗಲ ಅಂಚಿನ ಒಂದು ಟೋಪಿ, ಒಂದೇ ಕಣ್ಣು ಕಾಣುವ ದುರ್ಬೀನು, ಮತ್ತು ಬೆಟ್ಟಸೀಮೆಯ ಇತಿಹಾಸ ಹೇಳುವ ದಪ್ಪ ಪುಸ್ತಕದ ಎರಡನೇ ಸಂಪುಟ. ಮೊದಲನೆಯದನ್ನು ಪುಸ್ತಕದ ಒಡೆಯ ಪುಣ್ಯಾತ್ಮ ಜೋಪಾನವಾಗಿ ಮನೆಗೆ ಒಯ್ದಿದ್ದ.

ಹಾಗಾಗಿ ಚಿಕ್ಕಪ್ಪನಿಗೆ ರಾಜರ ಮಕ್ಕಳು ಗೊತ್ತು, ಅಪ್ಪಂದಿರು ಗೊತ್ತಿಲ್ಲ. ಕೋಟೆ ಬಿದ್ದದ್ದು ಗೊತ್ತು, ಕಟ್ಟಿದ್ದು ಗೊತ್ತಿಲ್ಲ. ಇದರಿಂದ ಅವರ ಉತ್ಸಾಹಕ್ಕೇನೂ ಅಡ್ಡಿಯಾಗಿರಲಿಲ್ಲ. ಟೋಪಿ ಹಾಕಿಕೊಂಡು, ದುರ್ಬೀನು ಕೊರಳಿಗೆ ತೂಗುಹಾಕಿಕೊಂಡು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅವರು ಒಂದು ದಿನ ನಮ್ಮ ಮನೆಗೆ ಬಂದು, “ಈ ಹುಡುಗಿ ಡಿಗ್ರಿ ಮುಗಿಸಿ ಮೂಲೆಯಲ್ಲಿ ಕೂತು ಡೈರಿ ಬರೀತಾ ಇದೆ. ಬರೆಯೋಕೆ ಏನಾದ್ರೂ ಬೇಡ್ವಾ? ಬೆಟ್ಟ ತೋರಿಸ್ತೀನಿ, ಕಳಿಸಿ” ಎಂದರು. ಅಮ್ಮ ಕಳಿಸಿದಳು. ಚಿಕ್ಕಮ್ಮ ಜೊತೆಗೆ ಬರುತ್ತಾಳೆ ಎಂಬ ಧೈರ್ಯದ ಮೇಲೆ ಕಳಿಸಿದಳು ಅನ್ನುವುದು ಸರಿ.

ಬಸ್ಸು ಕೊನೆಯ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿ, ಇನ್ನು ಮುಂದಕ್ಕೆ ತನ್ನಿಂದಾಗದು ಎಂಬಂತೆ ಉಸಿರುಬಿಟ್ಟು ತಿರುಗಿಕೊಂಡಿತು. ಅಲ್ಲಿಂದ ಕಾಲುದಾರಿ. ಒಂದು ತಿರುವಿನಲ್ಲಿ ಬೆಟ್ಟಗಳು ಏಕಾಏಕಿ ಎದುರಿಗೆ ಬಂದವು. ಒಂದರ ಹಿಂದೆ ಒಂದು, ಅದರ ಹಿಂದೆ ಮತ್ತೊಂದು, ಕಡೆಯದು ಆಕಾಶವೋ ಬೆಟ್ಟವೋ ಹೇಳಲಾಗದಷ್ಟು ನೀಲಿ. ಕೆಳಗೆ ಕಮರಿಯಲ್ಲಿ ಒಂದು ಹೊಳೆ, ಅದರ ಮೇಲೆ ಕಲ್ಲಿನ ಹಳೇ ಸೇತುವೆ. ಮೇಲೆ ಚೂಪು ತುದಿಯಲ್ಲಿ ಒಂದು ಕಾವಲು ಬುರುಜು, ಯಾರೋ ಬೆಟ್ಟದ ತಲೆಗೆ ಲೋಟ ಬೋರಲು ಹಾಕಿದ ಹಾಗೆ. ನಾನು ಸಹಜವಾಗಿಯೇ ಮಾತು ಕಮ್ಮಿಯವಳು. ಚಿಕ್ಕಪ್ಪ ಪುಸ್ತಕ ತೆರೆಯುವುದನ್ನೂ ಮರೆತರು. ಚಿಕ್ಕಮ್ಮ ಮಾತ್ರ, “ಅಬ್ಬಾ! ಇದನ್ನೆಲ್ಲ ಹತ್ತಬೇಕಾ?” ಎಂದಳು.

ನಾವು ಉಳಿದುಕೊಂಡದ್ದು ಬುರುಜಿನ ಬುಡದಲ್ಲಿದ್ದ ಪುಟ್ಟ ಹಳ್ಳಿಯಲ್ಲಿ, ಬಂದವರಿಗೆ ಒಂದು ಕೋಣೆ ಬಿಟ್ಟುಕೊಡುವ ಅಜ್ಜಿಯ ಮನೆಯಲ್ಲಿ. ಸಂಜೆ ಚಿಕ್ಕಪ್ಪ ಜಗಲಿಯ ಮೇಲೆ ಅಕ್ಕಪಕ್ಕದವರನ್ನು ಕೂರಿಸಿಕೊಂಡು, ಅವರ ಊರಿನ ಇತಿಹಾಸವನ್ನು ಅವರಿಗೇ ಹೇಳತೊಡಗಿದರು. ನಾನು ಒಳಗೆ ಒಲೆಯ ಮುಂದೆ ಅಜ್ಜಿಯ ಪಕ್ಕ ಕೂತೆ. ಮಾತಾಡದವರ ಹತ್ತಿರ ಜನ ತಾವಾಗಿಯೇ ಮಾತಾಡುತ್ತಾರೆ.

“ಬುರುಜಿನ ಮೇಲೆ ಕೆಂಪು ಕಂಬಳಿ ನೋಡಿದೆಯಾ ಮಗಳೇ?” ಎಂದಳು ಅಜ್ಜಿ. “ಅದು ನಮ್ಮ ಫೋನು. ಇಲ್ಲಿ ಬೇರೆ ಫೋನು ಹಿಡಿಯಲ್ಲ. ಒಂದೊಂದು ಗುಡ್ಡದ ಮೇಲೂ ಒಂದೊಂದು ಕಂಬ. ಬೆಳಗಾಗ್ತಾ ಕಂಬಳಿ ಏರಿಸಬೇಕು. ನಾವು ಚೆನ್ನಾಗಿದ್ದೀವಿ ಅಂತ. ಸಂಜೆಗೆ ಇಳಿಸಬೇಕು. ನಡುವೆ ಇಳಿದ್ರೆ, ಏರಿಸೋ ಕೈ ಹೋಯ್ತು, ಸಾವಾಯ್ತು ಅಂತ. ಆಗ ಎಲ್ಲ ಗುಡ್ಡದವರೂ ತಮ್ಮ ತಮ್ಮ ಕಂಬಳಿ ಇಳಿಸಿ ಮಣ್ಣಿಗೆ ಹೊರಟುಬಿಡ್ತಾರೆ.”

ಆ ಕೈ ಅಜ್ಜಿಯದೇ. ಅವಳ ಅಪ್ಪನ ಕಾಲದಿಂದ ಬಂದ ಕೆಲಸ. ಅಣ್ಣ ತಂಗಿ ಇಬ್ಬರಲ್ಲಿ ನಾಳೆ ಯಾರು ಮೊದಲು ಎದ್ದು ಕಂಬಳಿ ಏರಿಸ್ತೀರೋ ಬುರುಜು ಅವರಿಗೆ ಎಂದು ಅಪ್ಪ ಹೇಳಿದನಂತೆ. ಅಜ್ಜಿ ಎದ್ದಳು. ಅಣ್ಣ ಮಲಗಿಯೇ ಇದ್ದ. ತಂಗಿ ಬೇಕೆಂದೇ ತನ್ನನ್ನು ಎಬ್ಬಿಸಲಿಲ್ಲ ಎಂದು ಸಿಟ್ಟು ಮಾಡಿಕೊಂಡು ಹೊಳೆ ದಾಟಿ ಎದುರುಗುಡ್ಡಕ್ಕೆ ಹೋಗಿ ಮನೆ ಮಾಡಿದ. “ಇನ್ನು ನಿನ್ನ ಹೊಸಿಲು ದಾಟಿದರೆ ನಿನ್ನ ಮಣ್ಣಿಗೇ ದಾಟೋದು” ಅಂತ ಆಣೆ ಇಟ್ಟ. ಅಂದಿನಿಂದ, ಮುದುಕನಾದ ಮೇಲೂ, ದಿನಾ ಇವಳಿಗಿಂತ ಮೊದಲೇ ಎದ್ದು ಎದುರುಗುಡ್ಡದ ಕಂಬಳಿ ಏರಿಸುತ್ತಿದ್ದಾನೆ.

“ಮಾತಿಲ್ಲ ಕತೆಯಿಲ್ಲ. ಅವನ ಕಂಬಳಿ ನಾನು ನೋಡ್ತೀನಿ, ನನ್ನ ಕಂಬಳಿ ಅವನು ನೋಡ್ತಾನೆ. ಅಷ್ಟೇ,” ಎಂದು ಅಜ್ಜಿ ಒಲೆಗೆ ಸೌದೆ ನೂಕಿದಳು. “ನಾನು ಕಣ್ಣು ಮುಚ್ಚೋ ಮುಂಚೆ ಒಂದು ಸಲ ಬಂದು ಬೈದು ಹೋದ್ರೂ ಸಾಕು ಕತ್ತೆ.”

ಇದಿಷ್ಟೂ ನನಗೆ ಗೊತ್ತಿತ್ತು. ಜಗಲಿಯ ಮೇಲಿದ್ದ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಬುರುಜು ಕಟ್ಟಿದ್ದು ಯಾಕೆ ಎಂಬುದು ಮೊದಲನೇ ಸಂಪುಟದಲ್ಲಿತ್ತು.

ಬೆಳಿಗ್ಗೆ ಚಿಕ್ಕಮ್ಮನಿಗೆ ಕಾಲು ಹಿಡಿದುಕೊಂಡಿತ್ತು. ನಾನೂ ಚಿಕ್ಕಪ್ಪನೂ ಮೊದಲು ಸೇತುವೆ ನೋಡಲು ಇಳಿದೆವು. ಒಂದೇ ಕಮಾನು. ಒಂದು ಹನಿ ಗಾರೆ ಇಲ್ಲದೆ, ಕಲ್ಲು ಕಲ್ಲನ್ನು ಹಿಡಿದುಕೊಂಡು ಹೊಳೆಯನ್ನು ದಾಟುತ್ತಿತ್ತು. ಅಡಿಯಲ್ಲಿ ನಿಂತು ತಲೆಯೆತ್ತಿದರೆ, ಇಷ್ಟು ಕಾಲವೂ ಬೀಳದೆ ನಿಂತಿದ್ದೀರಲ್ಲ, ಯಾರ ಮೇಲಿನ ನಂಬಿಕೆ ಎಂದು ಕಲ್ಲುಗಳನ್ನು ಕೇಳಬೇಕೆನಿಸುತ್ತಿತ್ತು. ಚಿಕ್ಕಪ್ಪ ಪುಸ್ತಕ ತೆರೆದರು.

“ಸೇತುವೆ ಮೇಲೆ ಯಾರು ಬೇಕಾದ್ರೂ ಹೋಗ್ತಾರೆ. ರಾಜನ ಸೈನ್ಯ ಹೋಗಿದ್ದು ನೀರಲ್ಲೇ. ಇಗೋ, ಬರೆದಿದೆ. ನಾವೂ ಹಾಗೇ ದಾಟಬೇಕು. ಅದಕ್ಕೆ ಅನುಭವ ಅಂತಾರೆ.”

“ನಾನು ಇಲ್ಲೇ ಇರ್ತೀನಿ ಚಿಕ್ಕಪ್ಪ.”

“ಇರು. ಸೈನ್ಯದಲ್ಲೂ ಕೆಲವರು ದಡದಲ್ಲೇ ಇರ್ತಿದ್ರು.”

ಪ್ಯಾಂಟು ಬಿಚ್ಚಿ ಬಂಡೆಯ ಮೇಲಿಟ್ಟು, ಚಿಕ್ಕಮ್ಮ ಹಾಸಿಗೆ ಬಟ್ಟೆಯ ತುಂಡಿನಲ್ಲಿ ಹೊಲಿದುಕೊಟ್ಟಿದ್ದ ನೀಲಿ ಬಿಳಿ ಪಟ್ಟೆಯ ಮಂಡಿಯುದ್ದದ ಚಡ್ಡಿಯಲ್ಲಿ ಅವರು ಹೊಳೆಗಿಳಿದರು. ಆ ದಡ ಮುಟ್ಟಿದರು. ಅಲ್ಲಿಂದ ಕೈಬೀಸಿದರು. ವಾಪಸು ಬರುವಾಗ ಕೂಡ ಕೈಬೀಸಿದರು, ಅದು ಬೀಸಿದ್ದಲ್ಲ, ಜಾರಿದ್ದು. ರಾಜನ ಸೈನ್ಯ ಕೂತಲ್ಲೇ ಸ್ವಲ್ಪ ದೂರ ತೇಲಿ, ಎದ್ದು, ಪ್ಯಾಂಟು ಬಗಲಲ್ಲಿಟ್ಟುಕೊಂಡು ಬುರುಜಿನ ದಾರಿ ಹಿಡಿಯಿತು. “ನೀನು ನಿಧಾನ ಬಾ! ಮೇಲಕ್ಕೆ ನೋಡ್ಬೇಡ!”

ನಾನು ನೆಲ ನೋಡಿಕೊಂಡು ನಿಧಾನ ಹೋದೆ. ಹಾಗೆ ಹೋದದ್ದರಿಂದಲೇ ತಡವಾಯಿತು.

ಬುರುಜಿನ ತುದಿ ಮುಟ್ಟಿದಾಗ ಚಿಕ್ಕಪ್ಪ ಒಣ ಪ್ಯಾಂಟು ಹಾಕಿಕೊಂಡು ಸುಖವಾಗಿ ನಿಂತಿದ್ದರು. ಕಂಬದ ಮೇಲೆ ಕಂಬಳಿ ಇರಲಿಲ್ಲ. ಅದರ ಜಾಗದಲ್ಲಿ, ಗಾಳಿ ತುಂಬಿಕೊಂಡು, ಎರಡು ಕಾಲೂ ಅಗಲಿಸಿಕೊಂಡು, ಪಟ್ಟೆ ಚಡ್ಡಿ ಇಡೀ ಬೆಟ್ಟಸೀಮೆಗೆ ಕಾಣುವ ಹಾಗೆ ಹಾರುತ್ತಿತ್ತು.

“ಚಿಕ್ಕಪ್ಪ, ಅಲ್ಲಿ ಕಂಬಳಿ...”

“ನೀನೂ ನೋಡಿದ್ಯಾ? ಎಂಥಾ ಜನ ನೋಡು. ಒಳ್ಳೇ ಉಣ್ಣೆ ಕಂಬಳಿ, ಯಾರೋ ಬಿಟ್ಟುಹೋಗಿದ್ರು. ಸುತ್ತಮುತ್ತ ಒಂದು ನರಪಿಳ್ಳೆ ಇಲ್ಲ.”

“ಅದು ಬಿಟ್ಟುಹೋಗಿದ್ದಲ್ಲ...”

“ಎಲ್ಲರೂ ಹಾಗೇ ಹೇಳ್ತಾರಮ್ಮ. ಕೌಂಟರಿಗೆ ಬಂದು ನಿಂತ ಪ್ರತಿಯೊಬ್ಬನೂ, ಬಿಟ್ಟುಹೋಗಿಲ್ಲ ಸಾರ್, ಇಟ್ಟಿದ್ದೆ ಅಂತಾನೆ. ನಾನು ಪದ್ಧತಿ ಪ್ರಕಾರ ಚೀಟಿ ಕಟ್ಟಿದೆ, ಸಿಕ್ಕಿದ ಸ್ಥಳ ಬುರುಜು ಅಂತ ಬರೆದೆ. ಅಷ್ಟರಲ್ಲಿ ಸಾಮಾನು ಸಾಗಿಸೋ ಹೇಸರಗತ್ತೆಯವನು ಆಚೆ ದಾರೀಲಿ ಕೆಳಗೆ ಹೊರಟಿದ್ದ. ಬಸ್ ನಿಲ್ದಾಣದಲ್ಲಿ ಒಪ್ಪಿಸು ಅಂತ ಕೊಟ್ಟೆ. ರಜೆಯಲ್ಲೂ ಕೆಲಸ ಬಿಡಲ್ಲ ನೋಡು ನಿನ್ನ ಚಿಕ್ಕಪ್ಪ!”

ದೂರದ ತಿರುವಿನಲ್ಲಿ ಹೇಸರಗತ್ತೆಯ ಗಂಟೆ ಕೇಳಿಸಿ ಕೇಳಿಸಿ ನಿಂತುಹೋಯಿತು.

ಆಗ ನಾನು ನನ್ನ ಜೀವಮಾನದ ಅತ್ಯಂತ ದೀರ್ಘ ಭಾಷಣ ಮಾಡಿದೆ. ಅಜ್ಜಿ, ಅಣ್ಣ, ಅಪ್ಪ, ಆಣೆ, ಕಂಬಳಿ, ಎಲ್ಲ ಒಂದೇ ಉಸಿರಿನಲ್ಲಿ. ಚಿಕ್ಕಪ್ಪನ ಮುಖದಿಂದ ಬಣ್ಣ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಹೋಯಿತು. ಮುಗಿದ ಮೇಲೆ ಅವರು ದುರ್ಬೀನಿನ ಕಾಣುವ ಕಡೆಯನ್ನು ಕಣ್ಣಿಗೆ ಒತ್ತಿಕೊಂಡು ಎದುರುಗುಡ್ಡ ನೋಡಿದರು.

ನನಗೆ ದುರ್ಬೀನು ಬೇಕಾಗಲಿಲ್ಲ. ಎದುರುಗುಡ್ಡದ ಕೆಂಪು ಚುಕ್ಕೆ ಒಂದು ಸಲ ಅಲುಗಿತು. ಕೆಳಗಿಳಿಯಿತು. ಆಮೇಲೆ ಬಲಗಡೆಯ ಗುಡ್ಡದ್ದು. ಅದರಾಚೆಯದು. ಅದರಾಚೆ, ಅಲ್ಲೊಂದು ಊರಿದೆಯೆಂದೇ ನಾವು ತಿಳಿದಿರದ ನೀಲಿ ಬೆಟ್ಟದ ನೆತ್ತಿಯಲ್ಲಿದ್ದ ಒಂದು ಕೆಂಪು ಕಾಳು. ಕಣ್ಣು ಹಾಯುವವರೆಗೂ ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ಸದ್ದಿಲ್ಲದೆ ನಡೆದುಹೋಯಿತು. ಒಬ್ಬ ಮುದುಕಿಗಾಗಿ ಇಷ್ಟು ಬೆಟ್ಟಗಳು!

“ಇಷ್ಟೆಲ್ಲ ಎರಡನೇ ಸಂಪುಟದಲ್ಲಿ ಇಲ್ಲ,” ಎಂದರು ಚಿಕ್ಕಪ್ಪ ಸಣ್ಣ ದನಿಯಲ್ಲಿ.

ಇಬ್ಬರೂ ಓಡಿದೆವು. ಚಡ್ಡಿ ಇಳಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ನಾವು ಮನೆ ತಲುಪುವುದಕ್ಕೂ ಪಕ್ಕದ ಗುಡ್ಡದ ಮೇಷ್ಟ್ರು ಹತ್ತಾರು ಜನ ಕಟ್ಟಿಕೊಂಡು ಏದುಸಿರು ಬಿಡುತ್ತಾ ಬರುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ಅಜ್ಜಿ ಕೋಳಿಗೆ ಬೈಯುತ್ತಿದ್ದಳು. ಅವಳನ್ನು ಕಂಡು ಬಂದವರೆಲ್ಲ ಗಕ್ಕನೆ ನಿಂತರು. ಮುಂದಿದ್ದವನು ಗುದ್ದಲಿಯನ್ನು ಬೆನ್ನ ಹಿಂದೆ ಮರೆಮಾಡಿದ.

“ಏನೋ ಅದು ಗುದ್ದಲಿ?”

“ಏನಿಲ್ಲ ಅಜ್ಜಿ... ಹಿತ್ತಲಲ್ಲಿ ಏನಾದ್ರೂ ಅಗೆಯೋದಿದ್ರೆ ಅಂತ.”

“ಊರೆಲ್ಲ ಸೇರಿ ನನ್ನ ಹಿತ್ತಲು ಅಗೀತೀರಾ?”

ಮೇಷ್ಟ್ರು ಬುರುಜಿನ ಕಡೆ ಕೈ ತೋರಿಸಿದರು. “ಕಂಬಳಿ ಇಳೀತು ಅಜ್ಜಿ. ನಾವು ಏನೋ ಅಂದುಕೊಂಡು ಬಂದ್ವಿ. ಅದು ಸರಿ, ಅದರ ಜಾಗದಲ್ಲಿ ಹಾರ್ತಾ ಇದೆಯಲ್ಲ, ಅದೇನು? ಈ ಗುರುತು ನಮ್ಮ ತಾತನ ಕಾಲದಿಂದಲೂ ಯಾರೂ ನೋಡಿಲ್ಲ.”

ಎಲ್ಲರೂ ಟೋಪಿ ಹಾಕಿದ್ದ ಒಬ್ಬರೇ ಮನುಷ್ಯರ ಕಡೆ ತಿರುಗಿದರು. ಹಿಂದಿನ ಸಂಜೆ ಇತಿಹಾಸ ಹೇಳಿದ ಬಾಯಿ ಅದು. ಸತ್ಯ ಹೇಳಲು ಚಿಕ್ಕಪ್ಪ ಬಾಯಿ ತೆರೆದದ್ದನ್ನು ನಾನು ಕಂಡಿದ್ದೇನೆ. ಬಂದ ಮಾತು ಮಾತ್ರ ಬೇರೆ.

“ಅದು... ರಾಜಲಾಂಛನ.”

ಜನ ಹೋ ಎಂದು ಉಸಿರೆಳೆದರು. ಒಬ್ಬ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಯಾವ ರಾಜನದು?” ಎಂದರು ಮೇಷ್ಟ್ರು.

“ಎರಡನೆಯವನದು.”

“ಎರಡು ಬಾಲ ಯಾಕೆ ಸಾರ್ ಅದಕ್ಕೆ?”

“ಒಂದು... ಬಲಗಡೆಯ ರಾಜ್ಯಕ್ಕೆ. ಒಂದು ಎಡಗಡೆಯ ರಾಜ್ಯಕ್ಕೆ.”

ಅಷ್ಟು ಹೊತ್ತಿಗೆ ಚಿಕ್ಕಮ್ಮ ಕುಂಟುತ್ತಾ ಹೊರಗೆ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಬುರುಜಿನ ತುದಿ ನೋಡಿದಳು. ಗಾಳಿ ರಾಜಲಾಂಛನವನ್ನು ಒಮ್ಮೆ ತಿರುಗಿಸಿತು.

“ರೀ,” ಎಂದಳು. “ನಾನು ಹಿಂದುಗಡೆ ತೇಪೆ ಹಾಕಿದ ಚಡ್ಡಿ ಅಲ್ಲಿಗೆ ಯಾಕ್ರೀ ಹೋಯ್ತು?”

ಮುಂದೆ ಆದ ಗದ್ದಲವನ್ನು ವರ್ಣಿಸುವುದಿಲ್ಲ. ತಲೆಯ ವಸ್ತ್ರ ತೆಗೆದವನು ಅದನ್ನು ಮತ್ತೆ ಸುತ್ತಿಕೊಂಡ, ಸ್ವಲ್ಪ ಬಿಗಿಯಾಗಿಯೇ. ಚಿಕ್ಕಪ್ಪ ಕಂಬಳಿಯ ಕತೆಯನ್ನು ಚೀಟಿ ಸಮೇತ ಒಪ್ಪಿಸಿ ಟೋಪಿಯ ಒಳಗೆ ಎಷ್ಟು ಇಳಿಯಬಹುದೋ ಅಷ್ಟು ಇಳಿದರು. ಬೈಗುಳಕ್ಕೆ ಎಲ್ಲರೂ ಅಜ್ಜಿಯ ಬಾಯಿ ನೋಡಿದರು. ಅವಳು ಬೈಯಲಿಲ್ಲ. ನನ್ನ ಕಡೆ ತಿರುಗಿ, “ಅವನ ಕಂಬಳಿ?” ಎಂದಳು.

“ಇಳೀತು ಅಜ್ಜಿ. ಎಲ್ಲಕ್ಕಿಂತ ಮೊದಲು.”

ಅವಳು ಚಿಕ್ಕಪ್ಪನ ಕೊರಳಿಂದ ದುರ್ಬೀನು ಕಿತ್ತುಕೊಂಡಳು. ಬಹಳ ಹೊತ್ತು ನೋಡಿದಳು. “ಇಳೀತಾ ಇದ್ದಾನೆ,” ಎಂದಳು. “ಮಂಡಿ ಬಗ್ಗಲ್ಲ ಅವನಿಗೆ. ಕೂತ್ಕೊಂಡು ಕೂತ್ಕೊಂಡು ಇಳೀತಾ ಇದ್ದಾನೆ.” ದುರ್ಬೀನು ಕೆಳಗಿಳಿಸಿದ ಮೇಲೂ ಅವಳ ಒಂದು ಕಣ್ಣು ಮುಚ್ಚಿಯೇ ಇತ್ತು.

“ಯಾರನ್ನಾದ್ರೂ ಓಡಿಸಿ, ಏನೂ ಆಗಿಲ್ಲ ಅಂತ ಹೇಳಿಸ್ಲಾ?” ಎಂದರು ಮೇಷ್ಟ್ರು.

“ಹೇಳಿಸಿ. ಸೇತುವೆಯಿಂದಲೇ ವಾಪಸ್ ಹೋಗ್ತಾನೆ. ಬದುಕಿರೋ ತಂಗಿ ಮನೆಗೆ ಬರೋ ಗಂಡಸಲ್ಲ ಅವನು.”

ಆಗ ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು, ಸಂಜೆಗೆ ಏನು ಅಡಿಗೆ ಎಂದು ಕೇಳುವ ದನಿಯಲ್ಲಿ ಹೇಳಿದಳು:

“ಹಾಗಾದ್ರೆ ಅವರು ಹೊಸಿಲು ದಾಟೋವರೆಗೂ ನೀವು ಸ್ವಲ್ಪ ಸತ್ತಿರಿ ಅಜ್ಜಿ.”

“ಏನಂದೆ?”

“ಪೂರ್ತಿ ಬೇಡ. ಒಳಗೆ ಬಂದ ಮೇಲೆ ಎದ್ದುಬಿಡಿ.”

“ಆ ಕತ್ತೆಗೋಸ್ಕರ ನಾನು ಸಾಯ್ಬೇಕಾ?” ಎಂದು ಅಜ್ಜಿ ಕೂಗಾಡಿದಳು. ಕೂಗಾಡುತ್ತಲೇ ಒಳಗೆ ಹೋಗಿ ಒಗೆದಿಟ್ಟಿದ್ದ ಬಿಳಿ ಹೊದಿಕೆ ಹುಡುಕಿ ತಂದಳು. ಚಾಪೆ ತಾನೇ ಹಾಸಿದಳು. ಮಲಗುವ ಮುಂಚೆ ಎಲ್ಲರನ್ನೂ ಒಂದು ಸುತ್ತು ನೋಡಿ, “ಅಳೋರು ಸರಿಯಾಗಿ ಅಳ್ಬೇಕು. ನಾಳೆ ಅವನು ನನ್ನನ್ನ ಆಡ್ಕೋಬಾರ್ದು,” ಎಂದಳು.

ಅಳುವ ಕೆಲಸ ನನಗೆ ಬಂತು. “ನಿನಗೆ ಹೇಗೂ ಮಾತಾಡೋಕೆ ಬರಲ್ಲ, ಅಳೋಕಾದ್ರೂ ಬರಬೇಕಲ್ಲ,” ಎಂದು ಚಿಕ್ಕಮ್ಮ ನನ್ನನ್ನು ತಲೆದೆಸೆಯಲ್ಲಿ ಕೂರಿಸಿದಳು. ಮೇಷ್ಟ್ರು ಗೋಡೆಗೊರಗಿ ಹಣೆಗೆ ಕೈಹಚ್ಚಿದರು. ಚಿಕ್ಕಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ, ಬಾಯಿ ತೆರೆಯಕೂಡದೆಂದು ಕಟ್ಟಪ್ಪಣೆ ಮಾಡಲಾಯಿತು.

ಮಧ್ಯಾಹ್ನ ಇಳಿದಿತ್ತು. ಹೊದಿಕೆಯ ಒಳಗಿಂದ ಆಗಾಗ, “ಸೇತುವೆ ದಾಟಿದ್ನಾ?” ಎಂದು ಹೆಣ ಕೇಳುತ್ತಿತ್ತು. “ದಾಟಿದ್ರು,” “ಬಂಡೆ ಮೇಲೆ ಕೂತ್ರು,” “ಎದ್ರು,” ಎಂದು ಕಿಟಕಿಯಿಂದ ವರದಿ ಬರುತ್ತಿತ್ತು. “ನೀರು ಕೊಡ್ರೋ ಅವನಿಗೆ ಯಾರಾದ್ರೂ,” ಎಂದಿತು ಹೆಣ.

ಕೊನೆಗೆ ಅಂಗಳದಲ್ಲಿ ಕೋಲಿನ ಸದ್ದಾಯಿತು. ನಾನು ಅಳಲು ಶುರುಮಾಡಿದೆ. ಬಂದದ್ದು ಬಿಕ್ಕಳಿಕೆ. ಚಿಕ್ಕಮ್ಮ ಹಿಂದಿನಿಂದ ಚಿವುಟಿದಳು. ಅಳು ಸರಿಯಾಯಿತು.

ಎದುರುಗುಡ್ಡದ ತಾತ ಬಾಗಿಲಲ್ಲಿ ನಿಂತ. ಮೈಯೆಲ್ಲ ಧೂಳು. ಹೊಸಿಲನ್ನೇ ನೋಡುತ್ತಾ ನಿಂತ. ಚಿಕ್ಕಪ್ಪ ಉಸಿರು ಬಿಗಿಹಿಡಿದರು. ಇಡೀ ಮನೆಯೇ ಹಿಡಿಯಿತು. ತಾತ ಮೊದಲು ಕೋಲನ್ನು ಒಳಗಿಟ್ಟ. ಆಮೇಲೆ ಬಗ್ಗದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ದಾಟಿಸಿದ. ಚಾಪೆಯ ಪಕ್ಕ ಕೋಲಿನ ಆಧಾರದಲ್ಲಿ ಕುಸಿದು ಕೂತ. ಹೊದಿಕೆಯ ಸುಕ್ಕನ್ನು ಕೈಯಿಂದ ಸರಿಮಾಡಿದ. ನನ್ನ ಅಳು ತಾನಾಗಿ ನಿಂತುಹೋಯಿತು.

“ಇವತ್ತೂ ಎಬ್ಬಿಸಲಿಲ್ಲವಲ್ಲೇ,” ಎಂದ ತಾತ. “ಹೋಗ್ತೀನಿ ಏಳು ಅಂತ ಒಂದು ಮಾತು ಹೇಳಲಿಲ್ಲ. ಅವತ್ತೂ ಎಬ್ಬಿಸಲಿಲ್ಲ, ಇವತ್ತೂ ಎಬ್ಬಿಸಲಿಲ್ಲ.”

ಹೊದಿಕೆ ಸ್ವಲ್ಪ ಹೊತ್ತು ನಡುಗಿತು. ಆಮೇಲೆ ತಡೆಯಲಾರದೆ ಹಾರಿತು.

“ಮೂರು ಸಲ ಎಬ್ಬಿಸಿದೆ! ಮೂರು ಸಲ! ಕಾಲು ಹಿಡಿದು ಎಳೆದೆ! ಆ ಕಡೆ ತಿರುಗಿ ಮಲಗಿದೆ ನೀನು!”

ತಾತ ಹಿಂದಕ್ಕೆ ಬಿದ್ದ. ಮೇಷ್ಟ್ರು ಹಿಡಿದುಕೊಂಡರು.

“ಸತ್ತಿಲ್ವಾ?”

“ನಿನಗಿಂತ ಮೊದಲು ಸಾಯ್ತೀನಾ?”

“ಒಂದು ಸಲ ಎಬ್ಬಿಸಿದೆ ನೀನು. ಒಂದೇ ಸಲ. ಅದೂ ಮೆತ್ತಗೆ!”

“ಮೆತ್ತಗಾ? ಅಪ್ಪ ಎದ್ದುಬಿಟ್ಟ ಆ ಸದ್ದಿಗೆ, ನೀನು ಏಳಲಿಲ್ಲ!”

ಒಂದು ಆಯುಷ್ಯದಷ್ಟು ಕಟ್ಟಿಟ್ಟಿದ್ದ ಬೈಗುಳ ಒಂದೇ ಸಂಜೆಗೆ ಬಿಚ್ಚಿಕೊಂಡಿತು. ನಾವೆಲ್ಲ ಗೋಡೆಗಂಟಿ ಕೂತು ಕೇಳಿದೆವು. ನಡುವೆ ತಾತ ಒಮ್ಮೆ ಕೋಲು ಹಿಡಿದು ಎದ್ದ. “ಮೋಸ! ಮಣ್ಣಿಗೆ ಬರ್ತೀನಿ ಅಂದಿದ್ದೆ, ಮಣ್ಣಿಲ್ಲ ಅಂದ್ಮೇಲೆ ನಾನಿಲ್ಲ. ಹೊರಟೆ.”

ಆಗ ಬಾಗಿಲಿಗೆ ಅಡ್ಡವಾಗಿ ಚಿಕ್ಕಪ್ಪ ನಿಂತರು. ಕಟ್ಟಪ್ಪಣೆ ಮುರಿದು ಬಾಯಿ ತೆರೆದರು.

“ಹಾಗೆ ಹೋಗೋ ಹಾಗಿಲ್ಲ ಯಜಮಾನರೇ. ನಮ್ಮ ವಿಭಾಗದ ನಿಯಮ. ಕಳೆದುಹೋದದ್ದು ವಾರಸುದಾರರ ಕೈ ಸೇರಿದ ಮೇಲೆ ವಾಪಸ್ ತಗೊಳ್ಳಲ್ಲ.”

ತಾತ ಅವರನ್ನು ಮೇಲಿಂದ ಕೆಳಗೆ ನೋಡಿದ. “ಯಾರಪ್ಪ ನೀನು?”

“ಆ ಚಡ್ಡಿ ಇವರದು,” ಎಂದಳು ಅಜ್ಜಿ.

ತಾತನ ಮುಖದಲ್ಲಿ ಏನೋ ಸಡಿಲವಾಯಿತು. ಮೊದಲು ಮೀಸೆ ಅಲುಗಿತು, ಆಮೇಲೆ ಭುಜ. “ನಾನು ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದೆ,” ಎಂದ, ನಗು ತಡೆಯುತ್ತಾ. “ಸತ್ತಳು ಸರಿ, ಆದರೆ ಇವಳ ಮನೆಯಲ್ಲಿ ಆ ಅಳತೆ ಚಡ್ಡಿ ಯಾರದು ಅಂತ!”

ಕತ್ತಲಾಗುವ ಮುಂಚೆ ಎಲ್ಲರೂ ಹೊರಟರು. ಮೇಷ್ಟ್ರು ಅಜ್ಜಿಯನ್ನು ಬದಿಗೆ ಕರೆದು ಕೇಳಿದರು: “ಎಲ್ಲ ಗುಡ್ಡದವರಿಗೂ ಹೇಳ್ತಾ ಹೋಗ್ತೀವಿ. ಆದ್ರೆ ತಾತ ಉಳ್ಕೊಂಡ್ರೋ, ಮುನಿಸಿಕೊಂಡು ಎದ್ದು ಹೋದ್ರೋ, ನಮಗೆ ಹೇಗೆ ಗೊತ್ತಾಗ್ಬೇಕು?”

ಅಜ್ಜಿ ಯೋಚಿಸಿದಳು. “ಈಗ ಆ ಚಡ್ಡಿ ಇಳಿಸ್ತೀನಿ. ಬೆಳಿಗ್ಗೆ, ಹೋಗಿದ್ರೆ ಯಾವುದಾದ್ರೂ ಹಳೇ ಕಂಬಳಿ ಹಾಕ್ತೀನಿ. ಉಳಿದ್ರೆ ಆ ಪಟ್ಟೆಯದನ್ನೇ ಹಾಕ್ತೀನಿ.”

ಮಾರನೇ ದಿನ ಬೆಳಕು ಹರಿಯುವ ಮುಂಚೆ ಗದ್ದಲಕ್ಕೆ ಎಚ್ಚರವಾಯಿತು. ಅಜ್ಜಿ ನಮ್ಮನ್ನೂ ಅಕ್ಕಪಕ್ಕದವರನ್ನೂ ಕರೆದು ಜಗಲಿಯ ಸುತ್ತ ನಿಲ್ಲಿಸಿದಳು. ನಡುವೆ ತಾತ ಗೊರಕೆ ಹೊಡೆಯುತ್ತಿದ್ದ.

“ಎಲ್ಲರೂ ನೋಡ್ಕೊಳ್ಳಿ,” ಎಂದಳು ಅಜ್ಜಿ. “ಎಬ್ಬಿಸ್ತಾ ಇದ್ದೀನಿ. ಆಮೇಲೆ ಇಲ್ಲ ಅನ್ನಬಾರ್ದು. ಅಣ್ಣಾ, ಏಳು!”

ತಾತ ಆ ಕಡೆ ತಿರುಗಿ ಮಲಗಿದ. ಅಜ್ಜಿ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಅಷ್ಟು ಸಂಪೂರ್ಣವಾಗಿ ಗೆದ್ದ ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಅವನ ಕಾಲು ಹಿಡಿದು ಎಳೆದಳು.

ಬುರುಜಿನ ತುದಿಯಲ್ಲಿ ಗಾಳಿ ತಣ್ಣಗಿತ್ತು. ಅಣ್ಣ ತಂಗಿ ಇಬ್ಬರೂ ಹಗ್ಗ ಹಿಡಿದು, ಎಳೆಯುವುದು ಹೀಗಲ್ಲ ಹಾಗೆ ಎಂದು ಜಗಳವಾಡುತ್ತಾ ಪಟ್ಟೆ ಚಡ್ಡಿಯನ್ನು ಏರಿಸಿದರು. ಚಿಕ್ಕಮ್ಮ ಬೇರೆ ಕಡೆ ನೋಡಿದಳು. ಎದುರುಗುಡ್ಡದ ಕಂಬ ಬೋಳಾಗಿತ್ತು. ಅಲ್ಲಿ ಕಂಬಳಿ ಏರಿಸುವ ಕೈ ಇಲ್ಲಿತ್ತು.

“ಯಾರೂ ನೋಡಿಲ್ಲ ಅನ್ಸುತ್ತೆ,” ಎಂದ ತಾತ, ತನಗೇನೂ ಅದರ ಚಿಂತೆಯಿಲ್ಲವೆಂಬಂತೆ.

ಆಗ ಬೋಳು ಕಂಬದ ಮೇಲೆ ಏನೋ ಹತ್ತಿತು. ಕೆಂಪಲ್ಲ. ಚಿಕ್ಕಪ್ಪ ದುರ್ಬೀನು ಎತ್ತಿದರು. “ಪಟ್ಟೆ,” ಎಂದು ಪಿಸುಗುಟ್ಟಿದರು. “ಹಾಸಿಗೆಯ ಹೊದಿಕೆ. ಒಬ್ಬಳು ಹೆಂಗಸು ಹಿಡ್ಕೊಂಡಿದ್ದಾಳೆ.”

“ನನ್ನ ಸೊಸೆ,” ಎಂದ ತಾತ.

ಬಲಗಡೆಯ ಗುಡ್ಡದ ಮೇಲೆ ಒಂದು ಪಟ್ಟೆ ಚೀಲ ಏರಿತು. ಅದರಾಚೆ ಒಂದು ಪಟ್ಟೆ ಅಂಗಿ. ಅದರಾಚೆ ಯಾರದೋ ಚಡ್ಡಿಯೇ ಇರಬೇಕು, ಅದಕ್ಕೂ ಎರಡು ಬಾಲವಿತ್ತು. ಬಿಸಿಲು ಒಂದೊಂದೇ ನೆತ್ತಿಯನ್ನು ಮುಟ್ಟುತ್ತಾ ಬಂದ ಹಾಗೆ ಒಂದೊಂದೇ ಬೆಟ್ಟ ಉತ್ತರ ಕೊಟ್ಟಿತು, ಕಡೆಯ ಆ ನೀಲಿ ಬೆಟ್ಟದವರೆಗೂ. ಅಷ್ಟು ದೂರದಲ್ಲಿ ಪಟ್ಟೆ ಕಾಣಿಸುವುದು ಸಾಧ್ಯವಿರಲಿಲ್ಲ. ಆದರೂ ನಮಗೆ ಕಾಣಿಸಿತು.

ಅಣ್ಣ ತಂಗಿ ಇಬ್ಬರೂ ಹಗ್ಗ ಬಿಡದೆ ನೋಡುತ್ತಿದ್ದರು. ಚಿಕ್ಕಪ್ಪ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತರು. ಇಂಥದ್ದು ರಾಜರ ಕಾಲದಲ್ಲೂ ನಡೆದಿತ್ತೇ ಎಂದು ನಾನು ಕೇಳಿದೆ. ನಾನಾಗಿಯೇ ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು.

ಅವರು ಕಣ್ಣೊರೆಸಿಕೊಂಡು ಹೇಳಿದರು:

“ನಡೆದಿದ್ರೆ ಅದು ಮೊದಲನೇ ಸಂಪುಟದಲ್ಲೇ ಇರಬೇಕಮ್ಮ.”